ಈ ಮಗು ಯಾವ ಇಲಾಖೆಯದು?

ಆರು ವರ್ಷದೊಳಗಿನ ಮಗುವಿನ ಬೆಳವಣಿಗೆ ಯಾವ ಕಾಲಕ್ಕೂ ಒಂದೇ ಇಲಾಖೆಯ ಕೆಲಸವಾಗಿರಲಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ‘ಸಮಗ್ರ’ ಎಂಬ ಪದವನ್ನು ಹೆಸರಿನಲ್ಲೇ ಹೊತ್ತು ಬಂತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಯೋಜನೆಯ ಸೇವೆಗಳು ಆರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ, ಲಸಿಕೆ, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು. ಮೊದಲ ಮೂರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೈಯಲ್ಲಿವೆ. ಉಳಿದ ಮೂರಕ್ಕೆ ಆರೋಗ್ಯ ಇಲಾಖೆಯವರು ಬರಬೇಕು. ನೀರು, ದಾರಿ, ಚರಂಡಿಗೆ ಪಂಚಾಯಿತಿ ಬೇಕು. ಆರು ತುಂಬಿದ ಮೇಲೆ ಮಗು ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಹೋಗುತ್ತದೆ.

ಇಷ್ಟು ಕೈಗಳು ಒಂದು ಮನೆಯ ಬಾಗಿಲಲ್ಲಿ ಕೂಡುವುದು ಹೇಗೆ ಎಂಬುದರ ಬಗ್ಗೆ ಭಿನ್ನಾಭಿಪ್ರಾಯವಿರುವ ಇಬ್ಬರ ಮಾತು ಮುಂದಿದೆ. ಒಬ್ಬರು ದೀರ್ಘ ಕಾಲ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಇನ್ನೊಬ್ಬರು ಕೇಂದ್ರದ ಪೌಷ್ಟಿಕತೆಯ ಕಾರ್ಯಕ್ರಮವಾದ ಪೋಷಣ್ ಅಭಿಯಾನದ ತಾಲ್ಲೂಕು ಸಂಯೋಜಕ, ಮೇಲ್ವಿಚಾರಕಿಯ ಮಗನ ವಯಸ್ಸಿನವರು.

ಸಂಯೋಜಕ: ಮಗುವಿನ ತೂಕ ಅಂಗನವಾಡಿ ರಿಜಿಸ್ಟರಿನಲ್ಲಿ, ಲಸಿಕೆ ನರ್ಸಮ್ಮನ ಪುಸ್ತಕದಲ್ಲಿ, ಹೆರಿಗೆ ವಿವರ ಆಸ್ಪತ್ರೆ ಕಡತದಲ್ಲಿ. ನಿಮ್ಮ ಕಾಲದಲ್ಲಿ ಈ ಮೂರನ್ನೂ ಒಟ್ಟಿಗೆ ನೋಡೋರು ಯಾರಿದ್ರು, ಮೇಡಂ?

ಮೇಲ್ವಿಚಾರಕಿ: ಅಂಗನವಾಡಿ ಟೀಚರ್ ಇದ್ಲಲ್ಲಪ್ಪ. ಅವಳು ಪುಸ್ತಕ ಜೋಡಿಸಿ ನೋಡ್ತಿರಲಿಲ್ಲ, ಮಗುವನ್ನ ನೋಡ್ತಿದ್ಲು. ಯಾವ ಬಾಣಂತಿಗೆ ಹಾಲು ಸಾಲದು, ಯಾವ ಮನೇಲಿ ಗಂಡ ಕುಡಿದು ಬಂದು ಹೊಡೀತಾನೆ, ಯಾರು ಕೂಸನ್ನ ಅಜ್ಜಿ ಹತ್ರ ಬಿಟ್ಟು ಗದ್ದೆಗೆ ಹೋಗ್ತಾರೆ, ಎಲ್ಲಾ ಅವಳಿಗೆ ಗೊತ್ತಿರ್ತಿತ್ತು. ಆಮೇಲೆ ಆರೋಗ್ಯ ಇಲಾಖೆ ಕಡೆಯಿಂದ ಆಶಾ ಕಾರ್ಯಕರ್ತೆ ಬಂದ್ಲು. ಆಸ್ಪತ್ರೇಲಿ ಹೆರಿಗೆ ಆದ್ರೆ 3, 7, 14, 21, 28, 42ನೇ ದಿನ ಅವಳು ಆ ಮನೆಗೆ ಹೋಗಬೇಕು. ಅಲ್ಲಿಂದ ಮುಂದೆ ಮಗುವಿಗೆ 15 ತಿಂಗಳಾಗೋವರೆಗೆ ಮೂರು ತಿಂಗಳಿಗೊಂದು ಸಲ. ಟೀಚರ್, ಆಶಾ ಇಬ್ಬರೂ ಅದೇ ಊರಿನವರು. ನಲ್ಲಿ ಹತ್ರ ಸಿಕ್ಕಾಗ ಆಡೋ ನಾಲ್ಕು ಮಾತಲ್ಲಿ ನಿಮ್ಮ ಸಮನ್ವಯ ಸಭೆ ಮುಗಿದಿರ್ತಿತ್ತು.

ಸಂಯೋಜಕ: ಅವರಿಬ್ಬರಿಗೂ ಮಾತುಕತೆ ಇಲ್ಲದ ಊರುಗಳನ್ನ ನಾನು ಕಂಡಿದ್ದೀನಿ. ಟೀಚರ್ ಮೇಲಿನ ಕೇರಿಯವರಾಗಿ, ಕೆಳಗಿನ ಕೇರಿಗೆ ಕಾಲೇ ಇಡದ ಊರುಗಳೂ ಇವೆ. ಟೀಚರ್ ಒಳ್ಳೆಯವರಾಗಿದ್ದ ಕಡೆ ಮಗು ಉಳೀತು, ಇಲ್ಲದ ಕಡೆ? ಒಂದು ಮಗುವಿನ ಬದುಕು ಅದೃಷ್ಟದ ಮೇಲೆ ನಿಲ್ಲಬಾರದು ಅಂತಲೇ ವ್ಯವಸ್ಥೆ ಬೇಕು ಅನ್ನೋದು.

ಮೇಲ್ವಿಚಾರಕಿ: ಕೇರಿ ಮಾತು ನಿಜ. ಅಂಥ ಊರುಗಳಿದ್ವು, ನನ್ನ ವೃತ್ತದಲ್ಲೇ ಇದ್ವು. ನಾನು ಎಷ್ಟು ಸಲ ಹೋಗಿ ಬೈದ್ರೂ ಬದಲಾಗದ ಒಂದೆರಡು ಕೇಂದ್ರ ಇನ್ನೂ ನನ್ನ ಮನಸ್ಸಿನಲ್ಲಿವೆ. ಆದರೆ ಎಲ್ಲಾ ದಾಖಲಿಸೋಕೆ ಅಂತ ಫೋನ್ ಕೊಟ್ಟ ಮೇಲೆ ಅವರು ಆ ಕೇರಿಗೆ ಹೋದ್ರಾ?

ಸಂಯೋಜಕ: ಹೋಗದೇ ಇದ್ದದ್ದು ನಮಗೆ ಕಾಣುತ್ತೆ. ಮೊದಲು ಅದೂ ಕಾಣ್ತಿರಲಿಲ್ಲ.

ಪೋಷಣ್ ಅಭಿಯಾನ 2018ರ ಮಾರ್ಚ್ 8ರಂದು ಆರಂಭವಾಯಿತು, ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ದಾಖಲೆ 2021ರಲ್ಲಿ ಬಂತು. ಇವುಗಳ ಹಿಂದಿರುವ ಒತ್ತಡ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 32.9ರಷ್ಟು ವಯಸ್ಸಿಗೆ ತಕ್ಕ ತೂಕವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಎತ್ತರ ಕುಂಠಿತವಾಗುವುದು ಬಹುಪಾಲು ಬಸಿರಿನ ದಿನಗಳಿಂದ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳಲ್ಲಿ. ಮಗು ಅಂಗನವಾಡಿಯಲ್ಲಿ ಕೂತು ಉಣ್ಣಲು ಬರುವುದು ಮೂರು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಇಲಾಖೆ ಮನೆಗೆ ಹೋಗಬೇಕೇ ಹೊರತು ಮಗು ಇಲಾಖೆಯ ಬಳಿಗೆ ಬರುವುದಿಲ್ಲ.

ಸಂಯೋಜಕ: ತೀವ್ರ ಅಪೌಷ್ಟಿಕ ಮಗುವನ್ನೇ ತಗೊಳ್ಳಿ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ, ಜತೆಗೆ ಜ್ವರವೋ ಭೇದಿಯೋ ಇದ್ದು ಊಟ ಸೇರ್ತಿಲ್ಲ ಅಂದ್ರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಅಂಗನವಾಡಿ ಗುರುತಿಸುತ್ತೆ, ಆರೋಗ್ಯ ಇಲಾಖೆ ಹಾಸಿಗೆ ಕೊಡುತ್ತೆ, ತಾಯಿಗೆ ಊಟ ಇರುತ್ತೆ, ಕೂಲಿ ನಷ್ಟಕ್ಕೆ ದಿನಕ್ಕಿಷ್ಟು ಅಂತ ಹಣವೂ ಉಂಟು. ಎರಡು ಇಲಾಖೆ ಕೂಡಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಮೇಲ್ವಿಚಾರಕಿ: ಎಲ್ಲಾ ಉಂಟು. ಆದ್ರೆ ತಾಯಿ ಒಲ್ಲೆ ಅಂತಾಳೆ. ಯಾಕೆ ಅಂತ ಕೂತು ಕೇಳಿದ್ದೀಯಾ?

ಸಂಯೋಜಕ: ಎರಡು ವಾರ ಮನೆ ಬಿಟ್ಟಿರೋದು ಕಷ್ಟ ಅಂತಾರೆ.

ಮೇಲ್ವಿಚಾರಕಿ: ಆ ಕಷ್ಟ ಏನು ಅಂತ ಬಿಡಿಸಿ ನೋಡು. ಮನೇಲಿ ನಾಲ್ಕು ವರ್ಷದ ಇನ್ನೊಂದು ಮಗು ಇದೆ. ಹಸು ಇದೆ, ಹಾಲು ಕರೆದು ಡೈರಿಗೆ ಹಾಕಬೇಕು. ರಾಗಿ ಕೊಯ್ಲಿಗೆ ಬಂದಿದೆ. ಅತ್ತೆ ಹಾಸಿಗೆ ಹಿಡಿದಿದ್ದಾಳೆ. ಇದರಲ್ಲಿ ಯಾವುದು ಯಾವ ಇಲಾಖೆಗೆ ಸೇರಿದ್ದು? ಆರೋಗ್ಯ ಇಲಾಖೆಗೆ ಹಾಸಿಗೆ ಗೊತ್ತು, ನಮ್ಮ ಇಲಾಖೆಗೆ ತೂಕ ಗೊತ್ತು. ಹಸು ಯಾರಿಗೂ ಗೊತ್ತಿಲ್ಲ. ‘ತಾಯಿ ನಿರಾಕರಿಸಿದ್ದಾರೆ’ ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಬರ್ತಾರೆ.

ಸಂಯೋಜಕ: ಹಸು ನೋಡಿಕೊಳ್ಳೋಕೆ ಸ್ತ್ರೀಶಕ್ತಿ ಸಂಘದವರಿದ್ದಾರಲ್ಲ. ಅಂಗನವಾಡಿಗೊಂದು ಬಾಲವಿಕಾಸ ಸಮಿತಿ ಇದೆ. ಊರಿಗೊಂದು ಆರೋಗ್ಯ, ನೈರ್ಮಲ್ಯ, ಪೌಷ್ಟಿಕತಾ ಸಮಿತಿ ಇದೆ. ಅವರ ಕೈಗೊಂದಿಷ್ಟು ಮುಕ್ತ ನಿಧಿಯನ್ನೂ ಕೊಡ್ತಾರೆ. ನೀವು ಹೇಳೋ ಕೆಲಸಕ್ಕೇ ಇವು ಹುಟ್ಟಿದ್ದು.

ಮೇಲ್ವಿಚಾರಕಿ: ಹುಟ್ಟಿದ್ದು ಹೌದು. ಆ ಸಂಘ, ಆ ಎರಡು ಸಮಿತಿಯ ಸದಸ್ಯರ ಹೆಸರನ್ನ ಪಕ್ಕಪಕ್ಕ ಬರೆದು ನೋಡು, ಬಹಳ ಊರಲ್ಲಿ ಅದದೇ ಆರೇಳು ಜನ. ಅವರಲ್ಲಿ ಕೆಲಸ ಮಾಡೋರು ಇಬ್ಬರು: ಟೀಚರ್ ಮತ್ತು ಆಶಾ.

ಮೇಲ್ವಿಚಾರಕಿಯ ಈ ಮಾತು ಕೂಡುಕೆಲಸದ ಒಂದು ಮೂಲ ತೊಡಕನ್ನು ಮುಟ್ಟುತ್ತದೆ. ಮೇಲಿನಿಂದ ನೋಡಿದರೆ ಹಲವು ಇಲಾಖೆಗಳು, ಹಲವು ಅನುದಾನಗಳು, ಹಲವು ಸಮಿತಿಗಳು. ಅವೆಲ್ಲವೂ ಊರಿಗೆ ಇಳಿಯುವ ಹೊತ್ತಿಗೆ ಇಬ್ಬರು ಮೂವರು ಹೆಂಗಸರ ಹೆಗಲಿಗೆ ಬಂದು ಕೂರುತ್ತವೆ. ಇವರಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಆಶಾಗೆ ಹೆಚ್ಚಾಗಿ ಕೆಲಸದ ಲೆಕ್ಕದ ಪ್ರೋತ್ಸಾಹಧನ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಯೋಜನೆ ಶುರುವಾಗಿ 46 ವರ್ಷ ಕಳೆದ ಮೇಲೆ.

ಮಗುವಿನ ತೊಂದರೆಯನ್ನು ಬೇಗ ಗುರುತಿಸುವುದೂ ಈ ಕೂಡುಕೆಲಸದ ಭಾಗ. ಹಾಗೆಂದರೇನು ಎಂಬುದಕ್ಕೆ ಶ್ರವಣದೋಷ ಒಳ್ಳೆಯ ಪರೀಕ್ಷೆ. ಕಿವಿ ಕೇಳದ ಕೂಸು ನೋಡಲು ದುಂಡಗೆ, ಆರೋಗ್ಯವಾಗಿಯೇ ಇರುತ್ತದೆ. ತೂಕದ ಪಟ್ಟಿ ಏನನ್ನೂ ಹೇಳುವುದಿಲ್ಲ. ಮಾತು ಕಲಿಯುವ ಮೊದಲ ವರ್ಷಗಳು ಕಳೆದುಹೋದರೆ ಶ್ರವಣಯಂತ್ರ ಹಾಕಿದರೂ ಭಾಷೆ ಹಿಡಿಯುವುದು ಬಹಳ ಕಷ್ಟವಾಗುತ್ತದೆ.

ಸಂಯೋಜಕ: ಇಲ್ಲಿ ನಿಮ್ಮ ಟೀಚರ್ ಒಬ್ಬಳೇ ಏನೂ ಮಾಡಲಾರಳು, ಅದನ್ನ ಒಪ್ಪಿಕೊಳ್ಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂತು. ಹುಟ್ಟು ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನ ನೋಡೋಕೆ ವೈದ್ಯರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುತ್ತೆ. ಅನುಮಾನ ಬಂದ ಮಗು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಹೋಗುತ್ತೆ. ನಮ್ಮ ಪುಣ್ಯಕ್ಕೆ ಮೈಸೂರಿನಲ್ಲೇ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಊರುಗಳಿಗೇ ಅವರು ಸೇವೆ ತಂದರು. ಇದು ಒಬ್ಬ ಟೀಚರ್‌ನ ಒಳ್ಳೆತನದಿಂದ ಆಗೋ ಕೆಲಸ ಅಲ್ಲ.

ಮೇಲ್ವಿಚಾರಕಿ: ಒಪ್ಪಿದೆ. ನಾನು ಕೆಲಸಕ್ಕೆ ಸೇರಿದಾಗ ಇಂಥ ಮಗುವನ್ನ ‘ಮಾತು ನಿಧಾನ, ಅವರಪ್ಪನೂ ಹಂಗೇ ಇದ್ದ’ ಅಂತ ಬಿಟ್ಟುಬಿಡ್ತಿದ್ವಿ. ಎಷ್ಟು ಮಕ್ಕಳನ್ನ ಹಂಗೆ ಬಿಟ್ವೋ ಅಂತ ಈಗಲೂ ಸಂಕಟ ಆಗುತ್ತೆ. ಆದ್ರೆ ನಿನ್ನ ಸರಪಳಿಯ ಕೊಂಡಿಗಳನ್ನ ಎಣಿಸು. ತಂಡ ಬಂದ ದಿನ ಮಗು ಊರಲ್ಲಿರಬೇಕು. ಅಜ್ಜಿ ಮನೆಗೆ ಹೋಗಿದ್ರೆ ಆರು ತಿಂಗಳು ಹೋಯ್ತು. ಚೀಟಿ ಬರೆದುಕೊಟ್ರು, ಮೈಸೂರಿಗೆ ಯಾರು ಕರ್ಕೊಂಡು ಹೋಗ್ತಾರೆ? ಮೊದಲ ದಿನ ಪರೀಕ್ಷೆ, ಇನ್ನೊಂದು ದಿನ ವರದಿ, ಮತ್ತೊಂದು ದಿನ ಯಂತ್ರದ ಅಳತೆ. ಯಂತ್ರ ಬಂದ ಮೇಲೆ ಕೆಲಸ ಮುಗೀಲಿಲ್ಲ, ಅಲ್ಲಿಂದ ಶುರು. ತಾಯಿ ಜತೆಗಿದ್ದು ಮಾತು ಕಲಿಸೋದು ಕಲೀಬೇಕು. ಆ ಸಂಸ್ಥೇಲಿ ಮಗುವಿನ ಜತೆ ತಾಯಿಗೂ ಕಲಿಸ್ತಾರೆ, ಅದು ದೊಡ್ಡ ವಿಷಯ. ಕೂಲಿಗೆ ಹೋಗೋ ತಾಯಿ ಎಷ್ಟು ತಿಂಗಳು ಮೈಸೂರಲ್ಲಿ ಇದ್ದಾಳು?

ಸಂಯೋಜಕ: ಬಸ್ಸಿಗೆ ‘ಶಕ್ತಿ’ ಯೋಜನೆ ಇದೆ ಈಗ, ಟಿಕೆಟ್ ದುಡ್ಡಿನ ಪ್ರಶ್ನೆ ಹೆಣ್ಣುಮಕ್ಕಳಿಗೆ ಇಲ್ಲ.

ಮೇಲ್ವಿಚಾರಕಿ: ನೋಡು, ಇದು ಯಾವ ಮಕ್ಕಳ ಯೋಜನೇನೂ ಅಲ್ಲ, ಸಾರಿಗೆ ಯೋಜನೆ. ಆದ್ರೂ ಕಿವಿ ಕೇಳದ ಮಗುವಿಗೆ ಸಮನ್ವಯ ಸಭೆಗಳಿಗಿಂತ ಹೆಚ್ಚು ಉಪಕಾರ ಇದರಿಂದ ಆಗಿರಬಹುದು. ಕುಟುಂಬಕ್ಕೆ ಏನು ಅಡ್ಡ ಇದೆಯೋ ಅದನ್ನ ತೆಗೆದ್ರೆ ಅರ್ಧ ದಾರಿ ಅವರೇ ನಡೆದು ಬರ್ತಾರೆ.

ಸಂಯೋಜಕ: ಉಳಿದರ್ಧಕ್ಕೆ ಯಾರಾದ್ರೂ ಫೋನ್ ಮಾಡಿ ‘ಸೋಮವಾರ ಹೋಗಿದ್ರಾ?’ ಅಂತ ಕೇಳಬೇಕು. ಆ ಕೇಳೋ ಹೊಣೆ ಒಬ್ಬರ ಹೆಸರಿಗೆ ಬರೆದಿರಬೇಕು. ಇಲ್ಲದಿದ್ರೆ ಕಳಿಸಿದವರು ಕಳಿಸಿದೆ ಅಂತಾರೆ, ನೋಡಬೇಕಾದವರು ಬರಲಿಲ್ಲ ಅಂತಾರೆ. ಇಬ್ಬರ ಮಾತೂ ಸುಳ್ಳಲ್ಲ.

ಇಲಾಖೆಗಳು ಕೂಡಿ ಸಲೀಸಾಗಿ ನಡೆಸಿದ ಕೆಲಸಗಳೂ ಇವೆ. 2013ರ ಆಗಸ್ಟಿನಲ್ಲಿ ಬಂದ ಕ್ಷೀರಭಾಗ್ಯ ಅಂಥದ್ದು. ಹಾಲಿನ ಪುಡಿ ಕರ್ನಾಟಕ ಹಾಲು ಮಹಾಮಂಡಳದ್ದು, ಲೋಟ ಹಿಡಿಯುವ ಮಕ್ಕಳು ಶಾಲೆ ಮತ್ತು ಅಂಗನವಾಡಿಯವರು. ಒಬ್ಬೊಬ್ಬರ ಪಾಲಿನ ಕೆಲಸವೂ ಸ್ಪಷ್ಟ. ಉತ್ಪಾದಕರಿಗೂ ಲಾಭ, ಮಗುವಿಗೂ ಲಾಭ. 2017ರ ಮಾತೃಪೂರ್ಣ ಅಷ್ಟು ಸರಾಗವಾಗಿ ಸಾಗಲಿಲ್ಲ. ಬಸುರಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕೆಂಬ ಯೋಚನೆ ಸರಿಯಾದದ್ದೇ. ಮನೆಗೆ ಕೊಟ್ಟ ಕಾಳುಕಡಿ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟದ ಮನೆಗಳಲ್ಲಿ, ಮನೆಗೂ ಕೇಂದ್ರಕ್ಕೂ ಮೈಲಿಗಟ್ಟಲೆ ದೂರವಿರುವ ಮಲೆನಾಡಿನಲ್ಲಿ ಆ ಊಟ ತಲುಪುವುದು ಕಷ್ಟವಾಯಿತು. ಇಲಾಖೆಗಳ ನಡುವಿನ ಹೊಂದಾಣಿಕೆಗಿಂತ ಮನೆಯೊಂದಿಗಿನ ಹೊಂದಾಣಿಕೆ ಕಠಿಣವೆಂದು ಈ ಎರಡನ್ನು ಪಕ್ಕದಲ್ಲಿಟ್ಟರೆ ತಿಳಿಯುತ್ತದೆ.

ಇಲಾಖೆಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವುದು ಒಳ್ಳೆಯದೇ ಎಂಬ ಪ್ರಶ್ನೆಗೆ ಬಂದಾಗ ಮಾತು ಬಿಗಿಯಾಯಿತು. ಉದಾಹರಣೆಯಾಗಿ ಬಂದದ್ದು ಬಾಲ್ಯವಿವಾಹ. ಹಿಂದೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ಮೇಲ್ವಿಚಾರಕಿ: ಹದಿನೇಳರ ಹುಡುಗಿ ಬಸುರಿ ಅಂದುಕೋ. ಅವಳಿಗೆ ಎಲ್ಲರಿಗಿಂತ ಮೊದಲು ಕಬ್ಬಿಣಾಂಶದ ಮಾತ್ರೆ, ತಪಾಸಣೆ, ಊಟ ಬೇಕು. ಮೈ ಇನ್ನೂ ಬಲಿತಿಲ್ಲ, ಹುಟ್ಟೋ ಕೂಸಿನ ತೂಕ ಕಡಿಮೆ ಆಗೋ ಭಯ ಜಾಸ್ತಿ. ಆಶಾ ಮನೆ ಬಾಗಿಲಿಗೆ ಹೋದ್ರೆ ಅತ್ತೆ ಏನಂತಾಳೆ ಗೊತ್ತಾ? ‘ಅವಳು ತವರಿಗೆ ಹೋಗಿದ್ದಾಳೆ.’ ಹುಡುಗಿ ಒಳಗೇ ಕೂತಿರ್ತಾಳೆ.

ಸಂಯೋಜಕ: ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೋ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ ಆರು ತಿಂಗಳವರೆಗೆ ಶಿಕ್ಷೆ ಇದೆ. ಹೆಂಡತಿಗೆ 18 ತುಂಬಿರದಿದ್ರೆ ಮದುವೆ ಅನ್ನೋದು ರಕ್ಷಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಮ್ಮ ರಾಜ್ಯದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಹಲವು ಇಲಾಖೆಯವರನ್ನ ಬಾಲ್ಯವಿವಾಹ ನಿಷೇಧಾಧಿಕಾರಿಗಳು ಅಂತ ಮಾಡಿದ್ದಾರೆ. ಎಲ್ಲರೂ ಕೂಡಿ ತಡೀಬೇಕು ಅಂತಲೇ.

ಮೇಲ್ವಿಚಾರಕಿ: ಮದುವೆಗೆ ಮುಂಚೆ ತಡೆಯೋಕೆ ಅದು ಸರಿ. ಚಪ್ಪರ ಹಾಕಿದ ಮನೆಗೆ ಹೋಗಿ ನಾನೇ ನಿಲ್ಲಿಸಿದ್ದೀನಿ. ಆದ್ರೆ ಬಸುರಿಯಾದ ಮೇಲೆ? ಮಾತ್ರೆ ಕೊಡೋ ಕೈಯೂ ಗಂಡನನ್ನ ಹಿಡಿಸೋ ಕೈಯೂ ಒಂದೇ ಅಂತ ಮನೆಯವರಿಗೆ ಅನ್ನಿಸಿದ ದಿನ ಅವರು ಬಾಗಿಲು ಹಾಕ್ಕೊಳ್ತಾರೆ. ಇಲಾಖೆಗಳು ಹತ್ತಿರ ಬಂದಷ್ಟೂ ಅವಳು ದೂರ ಹೋಗ್ತಾಳೆ. ಬೇರೆಬೇರೆ ಇದ್ದಾಗ ಕಡೇಪಕ್ಷ ಒಬ್ಬರ ಹತ್ರ ಬಾಯಿಬಿಡ್ತಿದ್ಲು.

ಸಂಯೋಜಕ: ಅಪ್ರಾಪ್ತೆಯ ಗರ್ಭಪಾತದ ವಿಷಯದಲ್ಲಿ, ಅವಳೂ ಅವಳ ಪೋಷಕರೂ ಕೇಳಿಕೊಂಡ್ರೆ ವೈದ್ಯರು ಪೊಲೀಸರಿಗೆ ಹೆಸರು, ಗುರುತು ಕೊಡಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು.

ಮೇಲ್ವಿಚಾರಕಿ: ಅದು ತೆಗೆಸೋರಿಗೆ. ಹೆರೋಳಿಗೆ?

ಸಂಯೋಜಕ: ಹೆರೋಳಿಗೆ ಅಂಥ ದಾರಿ ಇಲ್ಲ. ಆದ್ರೆ ಮೇಡಂ, ಇದರ ಇನ್ನೊಂದು ಮುಖ ನೋಡಿ. ಹದಿನೈದರ ಹುಡುಗಿ, ಅವಳಿಗೆ ಇಷ್ಟವಿಲ್ಲದ ಮದುವೆ, ದಿನಾ ಹೊಡೆತ. ಟೀಚರ್‌ಗೆ ಗೊತ್ತು, ಆಶಾಗೆ ಗೊತ್ತು, ನರ್ಸಮ್ಮನಿಗೆ ಗೊತ್ತು. ಮೂವರೂ ‘ನಂಬಿಕೆ ಹಾಳಾಗಬಾರದು’ ಅಂತ ಸುಮ್ಮನಿದ್ರು. ಅವಳಿಗೆ ಏನಾದ್ರೂ ಆದ್ರೆ ಆ ನಂಬಿಕೆ ಯಾರನ್ನ ಕಾಯ್ತು? ಮನೆಯವರ ನಂಬಿಕೆ ಅಂದಾಗ ಯಾರ ನಂಬಿಕೆ ಅಂತ ಕೇಳಬೇಕು. ಗಂಡ, ಅತ್ತೆ ನಂಬಿದ್ರೆ ಸಾಕಾ? ಆ ಹುಡುಗಿ ನಮ್ಮನ್ನ ಯಾಕೆ ನಂಬಬೇಕು?

ಮೇಲ್ವಿಚಾರಕಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅಂಥದ್ದೊಂದು ನಾನೂ ನೋಡಿದ್ದೀನಿ. ಸುಮ್ಮನಿದ್ದವರಲ್ಲಿ ನಾನೂ ಒಬ್ಬಳು. ಅದಕ್ಕೇ ಹೇಳ್ತೀನಿ, ಇದಕ್ಕೆ ಫೋನಿನಲ್ಲಿ ಒಂದು ಬಟನ್ ಸಾಲದು. ಎರಡೂ ಹುಡುಗಿಯರ ವಿಷಯ ಒಂದೇ ಅಲ್ಲ ಅಂತ ತಿಳಿದು ತೂಗಿ ನೋಡೋ ಮನುಷ್ಯ ಬೇಕು. ಮತ್ತೆ ಆ ಮನುಷ್ಯಳು ಒಂದು ತೀರ್ಮಾನ ತಗೊಂಡ್ರೆ, ನಾಳೆ ಅವಳನ್ನೇ ಬಲಿ ಕೊಡದ ಮೇಲಧಿಕಾರಿ ಬೇಕು.

ಸಂಯೋಜಕ: ತೂಗಿ ನೋಡೋ ಅಧಿಕಾರವನ್ನ ಕಾನೂನು ಅವಳಿಗೆ ಕೊಟ್ಟಿಲ್ಲ. ನಾವು ಕೊಟ್ಟಂತೆ ನಡ್ಕೊಂಡ್ರೆ ಶಿಕ್ಷೆ ಅನುಭವಿಸೋದು ಅವಳೇ.

ಮಾತು ಕೊನೆಗೆ ಬಂದದ್ದು ದಾಖಲೆಗೆ. ಬಸುರಿಗೆ ಮೊದಲ ತಪಾಸಣೆಯಲ್ಲಿ ತಾಯಿ ಕಾರ್ಡ್ ಕೊಡುತ್ತಾರೆ. ಬಸಿರಿನ ತೂಕ, ರಕ್ತದ ಪ್ರಮಾಣ, ಹೆರಿಗೆ, ಕೂಸಿನ ಲಸಿಕೆ, ಬೆಳವಣಿಗೆಯ ಗೆರೆ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಆರೋಗ್ಯ ಇಲಾಖೆಯವರೂ ಅಂಗನವಾಡಿಯವರೂ ಬಳಸುವ, ಅದರಲ್ಲೂ ಮನೆಯವರ ಬಳಿಯೇ ಇರುವ ಪುಸ್ತಕ ಅದು.

ಮೇಲ್ವಿಚಾರಕಿ: ಇಲಾಖೆಗಳು ಕೂಡಿದ್ದಕ್ಕೆ ನನಗೆ ಕಾಣೋ ಒಂದೇ ಗುರುತು ಅದು. ಅದು ತಾಯಿ ಟ್ರಂಕಿನಲ್ಲಿ ಇರುತ್ತೆ. ಏನು ಬರೆದಿದ್ದಾರೆ ಅಂತ ಅವಳಿಗೆ ಗೊತ್ತು, ಯಾರಿಗೆ ತೋರಿಸಬೇಕು ಅಂತ ಅವಳೇ ತೀರ್ಮಾನಿಸ್ತಾಳೆ. ನಿನ್ನ ಫೋನಿನಲ್ಲಿ ಇರೋದು ಅವಳಿಗೆ ಕಾಣಲ್ಲ. ಅದಕ್ಕೆ ಫೋಟೊ ತೆಗಿ, ಒಟಿಪಿ ಕೇಳು, ಮುಖ ಹೊಂದಿಸು ಅಂತ ಟೀಚರ್‌ಗೆ ಪಾಠ ಹೇಳೋ ಹೊತ್ತೂ ಹೋಗ್ತಿದೆ.

ಸಂಯೋಜಕ: ಆ ಹೊತ್ತು ಹೋಗ್ತಿರೋದು ನಿಜ, ಅದನ್ನ ನಾನು ಪ್ರತಿ ಸಭೇಲೂ ಹೇಳ್ತೀನಿ. ಮೂರು ಇಲಾಖೆಗೆ ಮೂರು ಆ್ಯಪ್ ಇರೋವರೆಗೆ ಕೂಡುಕೆಲಸ ಅಂತ ಹೇಳೋ ಹಕ್ಕು ನಮಗಿಲ್ಲ. ಆದ್ರೆ ಕಾರ್ಡ್ ಮಾತಾಡಲ್ಲ ಮೇಡಂ. ರಾಯಚೂರಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಸಂಸಾರ, ಎಂಟು ತಿಂಗಳ ಕೂಸು. ಕಾರ್ಡ್ ಊರಲ್ಲೇ ಉಳೀತು. ಇಲ್ಲಿ ಟಿನ್ ಶೆಡ್. ಊರಿನ ಟೀಚರ್ ಟ್ರ್ಯಾಕರ್‌ನಲ್ಲಿ ಹೆಸರು ವರ್ಗ ಮಾಡಿದ್ರೆ ಇಲ್ಲಿನ ಪಟ್ಟಿಗೆ ಬರುತ್ತೆ.

ಮೇಲ್ವಿಚಾರಕಿ: ಬರಲಿ. ಬಂದ ಮೇಲೆ ಶೆಡ್ಡಿನ ಬಾಗಿಲು ತಟ್ಟೋಳು ಬೆಂಗಳೂರಿನ ಟೀಚರ್. ಅವಳ ಪಟ್ಟಿಯಲ್ಲಿ ಆಗಲೇ ಎಷ್ಟು ಮನೆ ಇದ್ದಾವು? ಪಟ್ಟಿಗೆ ಹೆಸರು ಸೇರಿಸೋದು ಸುಲಭ, ಅವಳಿಗೊಬ್ಬ ಜತೆಗಾರ್ತಿಯನ್ನ ಕೊಡೋದು ಕಷ್ಟ ಅಂತಲೇ ನಾವು ಮೊದಲನೆಯದನ್ನ ಮಾಡ್ತೀವಿ.

ಸಂಯೋಜಕ: ಹತ್ತು ಜನ ಜತೆಗಾರ್ತಿಯರನ್ನ ಕೊಟ್ರೂ ಆ ಶೆಡ್ ಎಲ್ಲಿದೆ ಅಂತ ಅವರಿಗೆ ಗೊತ್ತಾಗಬೇಕಲ್ಲ, ಮೇಡಂ.

ಮೇಲ್ವಿಚಾರಕಿ: ಗೊತ್ತಾಗಲಿ. ಆದ್ರೆ ಆ ಶೆಡ್ಡು ಮುಂದಿನ ತಿಂಗಳು ಅಲ್ಲೇ ಇರುತ್ತಾ ಅಂತ ನಿನ್ನ ಫೋನಿಗೆ ಗೊತ್ತಾಗಲ್ಲ. ಅದು ಮೇಸ್ತ್ರಿ ಹೆಂಡತಿಗೆ ಗೊತ್ತು. ಟೀಚರ್ ಅವಳ ಜತೆ ಕೂತು ಮಾತಾಡಿದ್ರೆ ಮಾತ್ರ ಹೇಳ್ತಾಳೆ.